ಪಾಲಿಶ್ ಅಕ್ಕನ ಗೂಡುಪೆಟ್ಟಿಗೆ

“ಅಮ್ಮಾ, ಪಾಲಿಶ್ ಅತ್ತೆ ಗಿಳಿಮರಿ ಕಾಲು ಯಾಕೆ ಕಟ್ಟಿಹಾಕಿದಾರೆ? ಅದೇನು ತಪ್ಪು ಮಾಡ್ತು?”

ಇವತ್ತು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಮಗಳು ಕೇಳಿದಳು. ನಾಲ್ಕು ವರ್ಷದವಳ ನ್ಯಾಯದಲ್ಲಿ, ತಪ್ಪು ಮಾಡದವರನ್ನು ಯಾರೂ ಕಟ್ಟಿಹಾಕುವುದಿಲ್ಲ.

“ಅದೇನೂ ತಪ್ಪು ಮಾಡಿಲ್ಲ ಪುಟ್ಟಿ. ಕಾಲು ನೆಟ್ಟಗಾಗಲಿ ಅಂತ ಕಟ್ಟಿರೋದು.”

“ಹಾಗಾದ್ರೆ ತಪ್ಪು ಮಾಡಿದ್ದು ಯಾರು?”

ಹೊತ್ತಾಯಿತು ನಡಿ ಎಂದು ಜಡೆ ಹೆಣೆದು ಕಳಿಸಿದೆ. ಅವಳಿಗೆ ಹೇಳದ ಉತ್ತರವನ್ನು ಇಲ್ಲಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ಮಗಳು ಅತ್ತೆ ಎನ್ನುವ ಪಾಲಿಶ್ ಅಕ್ಕ ನಮ್ಮ ಕೆಳಗಿನ ಮನೆಯವರು. ಮಂಚ, ಮೇಜು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಮರ ಉಜ್ಜುವ ಕೆಲಸ. ಬಡಗಿಗಳು ಜೋಡಿಸಿ ಕೊಟ್ಟದ್ದನ್ನು ಮೊದಲು ಒರಟು ಮರಳುಕಾಗದ, ಆಮೇಲೆ ನಡುವಿನದು, ಕೊನೆಗೆ ಹಿಟ್ಟಿನಂಥ ನುಣ್ಣನೆಯ ಕಾಗದದಲ್ಲಿ ತೀಡುತ್ತಾರೆ. ಮುಗಿಯಿತೋ ಇಲ್ಲವೋ ಎಂದು ನೋಡಲು ಅವರದೇ ಒಂದು ಪರೀಕ್ಷೆಯಿದೆ. ಹಳೆಯ ನೈಲಾನ್ ಕಾಲುಚೀಲವನ್ನು ಅಂಗೈಗೆ ಹಾಕಿಕೊಂಡು ಹಲಗೆಯ ಮೇಲೆ ಎಳೆಯುವುದು. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಮೊದಲಿಂದ. “ಅವಳ ಮೇಜಿನ ಮೇಲೆ ಇರುವೆ ಬಂದ್ರೂ ಜಾರಿ ಬೀಳತ್ತೆ,” ಎಂದು ಜೊತೆಯವರು ಹಾಸ್ಯ ಮಾಡುತ್ತಾರಂತೆ. ಅದನ್ನು ಹೇಳುವಾಗ ಅಕ್ಕನ ಮುಖದಲ್ಲಿ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚು ಕಾಣುತ್ತಿತ್ತು.

ಅವರ ಮನೆಯಲ್ಲಿರುವುದು ಮಾತ್ರ ಮಡಚುವ ಕಬ್ಬಿಣದ ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ. “ನಾನು ಉಜ್ಜಿದ್ದೆಲ್ಲ ಕಂಡವರ ಮನೆ ಸೇರ್ತು ಕಣೇ,” ಎಂದು ಒಮ್ಮೆ ನಕ್ಕಿದ್ದರು. ಒಬ್ಬರೇ ಇರುವುದು. ಕಾರ್ಖಾನೆಯ ಗೆಳತಿಯೊಬ್ಬಳು ಮನೆ ಬದಲಿಸುವಾಗ ಪುಟ್ಟ ಗಿಳಿಗಳ ಜೋಡಿಯೊಂದನ್ನು ಪಂಜರ ಸಮೇತ ಇವರ ಕೈಗಿಟ್ಟು ಹೋದಳು. ಗಂಡು ನೀಲಿ, ಹೆಣ್ಣು ಹಸಿರು. ಬಂದ ತಿಂಗಳಲ್ಲೇ ಹೆಣ್ಣು ಪಂಜರದ ಮೂಲೆ ಕೆರೆಯತೊಡಗಿತು.

“ಬಸುರಿ ಮನೆ ಹುಡುಕ್ತಿದಾಳೆ,” ಎಂದು ಅಕ್ಕ ಮೆಟ್ಟಿಲು ಹತ್ತಿ ಬಂದು ಸುದ್ದಿ ಹೇಳಿದರು. “ನಡಿ, ಗೂಡು ನೋಡ್ಕೊಂಡು ಬರೋಣ.”

ಹಕ್ಕಿ ಅಂಗಡಿಯಲ್ಲಿ ಇದ್ದದ್ದು ಎರಡೇ ಬಗೆ. ಒಂದು, ಪಕ್ಕಕ್ಕೆ ತೂತಿದ್ದ ಮಣ್ಣಿನ ಮಡಕೆ. ಇನ್ನೊಂದು, ಮುಚ್ಚಳವಿದ್ದ, ನೆಲದಲ್ಲಿ ತಟ್ಟೆಯಂಥ ಕುಳಿ ಕೊರೆದ ಒರಟು ಮರದ ಪೆಟ್ಟಿಗೆ. ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ ಮೂಗು ಮುರಿದರು.

“ಇದೇನ್ರೀ, ನೆಲ ಕಾಗೆ ಕುಕ್ಕಿದ ಹಾಗಿದೆ! ಇದಕ್ಕೆ ಉಳಿ ಹಿಡಿದವನ ಕೈಗೆ ಜ್ವರ ಬಂದಿತ್ತಾ?”

ಅಂಗಡಿಯಾಕೆ ನಕ್ಕಳು. ಅಕ್ಕ ನನ್ನ ಮಗಳ ಕೈ ಹಿಡಿದು ಬೇರೆ ಪಂಜರಗಳತ್ತ ಹೋದ ಮೇಲೆ ನನ್ನ ಬಳಿ ಹೇಳಿದಳು. “ನೆಲದಲ್ಲಿ ಆ ಕುಳಿ ಬೇಕೇ ಬೇಕು. ಒರಟಾಗೂ ಇರ್ಬೇಕು. ಇಲ್ಲಾಂದ್ರೆ ಮೊಟ್ಟೆ ಉರುಳತ್ತೆ, ಮರಿ ಕಾಲು ನಿಲ್ಲಲ್ಲ. ನಿಮ್ಮಕ್ಕನಿಗೆ ಸ್ವಲ್ಪ ಹೇಳಿ.”

ಹೇಳಬೇಕೆಂದೇ ಇದ್ದೆ. ಆದರೆ ದಾರಿಯುದ್ದಕ್ಕೂ ಅಕ್ಕ ಒಂದೇ ಸಮನೆ ಮಾತಾಡುತ್ತಿದ್ದರು. ಕಾರ್ಖಾನೆಯ ಮೇಸ್ತ್ರಿಯನ್ನು ಕೇಳಿ ಒಳ್ಳೆಯ ಮರದ ತುಂಡು ತರುವುದು, ತಾವೇ ಪೆಟ್ಟಿಗೆ ಮಾಡುವುದು, ಹಕ್ಕಿಗೆ ಆಗುವುದಿಲ್ಲವೆಂದು ವಾರ್ನಿಷ್ ಮುಟ್ಟಿಸದೆ ಬರೀ ಕಾಗದದಲ್ಲೇ ಹೊಳಪು ತರುವುದು. “ನಮ್ಮನೆ ಅಂತ ಮಾಡ್ತಿರೋ ಮೊದಲನೇ ಸಾಮಾನು ನೋಡು,” ಎಂದರು. ಅಂಥ ಹೊತ್ತಿನಲ್ಲಿ ಕುಳಿಯ ಮಾತು ತೆಗೆಯಲು ನಾಲಿಗೆ ಏಳಲಿಲ್ಲ. ಮರ ಗೊತ್ತಿದ್ದವರಿಗೆ ಮರದ ಪಾಠ ನಾನೇನು ಹೇಳುವುದು ಎಂದೂ ಅನ್ನಿಸಿತು. ನಿಜ ಬರೆಯಬೇಕೆಂದರೆ, ಅಕ್ಕ ನನ್ನ ಮೇಲೆ ಮುನಿಸಿಕೊಂಡಾರೆಂಬ ಅಳುಕೇ ದೊಡ್ಡದಾಗಿತ್ತು.

ಐದು ಸಂಜೆ ಕೂತು ಪೆಟ್ಟಿಗೆ ಮಾಡಿದರು. ಮೂಲೆಗಳು ಎಷ್ಟು ಚೆನ್ನಾಗಿ ಕೂಡಿದ್ದವೆಂದರೆ ಉಗುರು ಹಾಕಲು ಸಂದಿಯಿರಲಿಲ್ಲ. ಒಳಗಿನ ನೆಲಕ್ಕೂ ಕಾಲುಚೀಲದ ಪರೀಕ್ಷೆ ಆಯಿತು. ನನ್ನ ಕೈಯನ್ನೂ ಒಳಗೆ ಹಾಕಿಸಿ, “ಹೇಗಿದೆ?” ಎಂದರು.

“ಬೆಣ್ಣೆ ಥರ ಇದೆ ಅಕ್ಕ,” ಎಂದೆ. ಹೇಳಲು ಸಿಕ್ಕ ಎರಡನೇ ಅವಕಾಶವನ್ನೂ ಹಾಗೆ ಕಳೆದೆ.

ಒಳಗೆ ಹಾಸಿದ್ದ ಮರದ ಹೊಟ್ಟನ್ನು ಹೆಣ್ಣುಗಿಳಿ ಎರಡೇ ದಿನದಲ್ಲಿ ಕೊಕ್ಕಿನಿಂದ ಹೊರಗೆಸೆಯಿತು. “ನೋಡು, ನಮ್ಮ ಹುಡುಗಿಗೂ ಕಸ ಆಗಲ್ಲ,” ಎಂದು ಅಕ್ಕ ಬೀಗಿದರು. ಐದು ಮೊಟ್ಟೆಗಳಲ್ಲಿ ಎರಡು ಉರುಳಿ ಒಡೆದವು. ಮೂರು ಮರಿ ಹೊರಬಂದವು. ಅಕ್ಕ ಕೆಲಸದಿಂದ ಬಂದವರು ಚಪ್ಪಲಿ ಬಿಡುವುದಕ್ಕೂ ಮೊದಲು ಮುಚ್ಚಳ ಎತ್ತಿ ನೋಡುತ್ತಿದ್ದರು. ಹತ್ತು ಹನ್ನೆರಡು ದಿನವಾದಾಗ ಒಂದು ಸಂಜೆ ನನ್ನನ್ನು ಕೂಗಿದರು. ಮರಿಗಳು ಎದ್ದು ಕೂರಲು ಹೋಗಿ, ಕಾಲು ಎರಡು ಬದಿಗೂ ಜಾರಿ, ಹೊಟ್ಟೆಯ ಮೇಲೆ ಈಜುವಂತೆ ಬಿದ್ದಿದ್ದವು.

ಹಕ್ಕಿ ಡಾಕ್ಟರ್ ಬಳಿಗೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದೆವು. ಅವರು ಮರಿ ನೋಡಿದರು, ಆಮೇಲೆ ನೆಲದ ಮೇಲೆ ಬೆರಳಾಡಿಸಿದರು.

“ಇದನ್ನ ಮಾಡಿದ್ದು ಯಾರು?”

“ನಾನೇ,” ಎಂದರು ಅಕ್ಕ. ಹೊಗಳುತ್ತಾರೇನೋ ಎಂಬ ಆಸೆ ಆಗಲೂ ಆ ದನಿಯಲ್ಲಿತ್ತು.

“ಕೆಲಸ ತುಂಬಾ ಚೆನ್ನಾಗಿದೆ ಅಮ್ಮ. ಆದ್ರೆ ಮರಿಗೆ ಕಾಲೂರೋಕೆ ಇಲ್ಲಿ ಏನೂ ಇಲ್ಲ.”

ಚಿಕ್ಕ ಎರಡರ ಕಾಲುಗಳನ್ನು ಮೆತ್ತನೆಯ ಪಟ್ಟಿಯಿಂದ ಹತ್ತಿರಕ್ಕೆ ಕಟ್ಟಿದರು. ಅವು ಸರಿಹೋಗಬಹುದು. ದೊಡ್ಡದರ ಮೂಳೆ ಆಗಲೇ ಬಲಿತಿದೆ, ಅದು ಎಂದೂ ಪಂಜರದ ಕಡ್ಡಿಯ ಮೇಲೆ ಕೂರಲಾರದು ಎಂದರು.

ಇವತ್ತು ಮಧ್ಯಾಹ್ನ ಮಗಳು ಮಲಗಿದ ಮೇಲೆ ಕೆಳಗೆ ಹೋದೆ. ಮರಿಗಳೀಗ ಒರಟು ಬಟ್ಟೆ ಹಾಸಿದ ಬುಟ್ಟಿಯಲ್ಲಿವೆ. ಅಕ್ಕ ರಜೆ ಹಾಕಿ, ದೊಡ್ಡ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಕಡ್ಡಿಯಿಂದ ಗುಟುಕು ತಿನ್ನಿಸುತ್ತಿದ್ದರು.

“ಅಕ್ಕ, ಅಂಗಡಿಯವಳು ನನಗೆ ಹೇಳಿದ್ಲು. ಕುಳಿ ಬೇಕು, ಒರಟಾಗಿರ್ಬೇಕು ಅಂತ. ನಾನೇ ನಿಮಗೆ ಹೇಳ್ಲಿಲ್ಲ.”

‘ಹೇಳಿದ್ದರೂ ನಾನೆಲ್ಲಿ ಕೇಳ್ತಿದ್ದೆ ಬಿಡು’ ಎನ್ನುತ್ತಾರೆಂದು ಕಾದೆ. ಅದೊಂದು ಮಾತು ಸಿಕ್ಕಿದ್ದರೆ ಹಗುರಾಗಿಬಿಡುತ್ತಿದ್ದೆ.

“ಕೇಳ್ತಿದ್ದೆ ಕಣೇ,” ಎಂದರು ಅಕ್ಕ. “ಮುಖ ಊದಿಸ್ಕೋತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಆದ್ರೆ ಕೇಳ್ತಿದ್ದೆ.”

ಅವರು ಮರಿಯ ಕೊಕ್ಕು ಒರೆಸಿ, ಬುಟ್ಟಿಯಲ್ಲಿ ಮಲಗಿಸಿ, ಪಂಜರದತ್ತ ಗದ್ದ ಎತ್ತಿ ತೋರಿಸಿದರು. ಹಸಿರು ಹೆಣ್ಣು ಮತ್ತೆ ಮೂಲೆ ಕೆರೆಯುತ್ತಿತ್ತು.

“ಇವಳಿಗೆ ಇನ್ನೊಂದು ಗೂಡು ಬೇಕು. ಭಾನುವಾರ ನನ್ನ ಜೊತೆ ಅಂಗಡಿಗೆ ಬರ್ತೀಯಾ? ಈ ಕೈ ಹಾಳಾದ್ದು, ತಾನಾಗೇ ನಯವಾಗಿರೋದನ್ನೇ ಹುಡುಕತ್ತೆ. ನಾನು ಅಂಥದ್ದನ್ನ ಎತ್ಕೊಂಡ್ರೆ ಕಿತ್ಕೊಂಡು ಕೆಳಗಿಡು. ನನ್ನ ಮುಖ ನೋಡ್ಕೊಂಡು ಸುಮ್ಮನಿರಬೇಡ.”