ಮಂಗಲಾ ಬದಲಿಸಿದ ಗಿಡಗಳು

ರಬಕವಿಯ ಮಂಗಲಾ ಹದಿನೆಂಟು ವರ್ಷ ನೂಲಿಗೆ ಬಣ್ಣ ಹಾಕಿದವಳು. ಬಣ್ಣದ ಮನೆ ಮುಚ್ಚಿದ ಮೇಲೆ ಜಮಖಂಡಿಯ ರಾಜಶ್ರೀ ಅವಳನ್ನು ಕೆಲಸಕ್ಕೆ ಕರೆದಳು. ರಾಜಶ್ರೀ ಉಳ್ಳವರ ಮನೆಗಳ, ಹೋಟೆಲುಗಳ ಒಳಾಂಗಣ ಅಲಂಕಾರ ಮಾಡಿಕೊಡುವವಳು. ಹೊರದೇಶದಲ್ಲಿ ತಾವೇ ಬೆಳಗುವ ಗಿಡಗಳಿವೆ, ಜನ ಅವನ್ನು ದೀಪದ ಬದಲು ಕೋಣೆಯಲ್ಲಿ ಇಡುತ್ತಾರೆ ಎಂದು ಮೊಬೈಲಿನಲ್ಲಿ ತೋರಿಸಿದಳು. ಅವನ್ನು ಇಲ್ಲಿಗೆ ತರಿಸಲು ಆಗುತ್ತಿರಲಿಲ್ಲ. ಅದಕ್ಕೇ ದಪ್ಪ ಎಲೆಯ ಜೇಡ್ ಗಿಡ ತಂದು, ಹೊಳೆಯುವ ಪುಡಿಯನ್ನು ಅಂಟಿನಲ್ಲಿ ಕಲಸಿ, ಎಲೆ ಎಲೆಗೂ ತೆಳ್ಳಗೆ ಸವರುವ ಕೆಲಸ ಮಂಗಲಾಳದಾಯಿತು. ಹಗಲು ಕಿಟಕಿಯಲ್ಲಿಟ್ಟರೆ ಸಂಜೆ ಕತ್ತಲಾದ ಕೂಡಲೇ ಗಿಡ ಹಸಿರಾಗಿ ಬೆಳಗುತ್ತಿತ್ತು.

"ಯಾರರ ಕೇಳಿದ್ರ ಹುಟ್ಟಿದಾಗಿಂದ ಹಿಂಗ ಐತಿ ಅನ್ನು" ಎಂದಿದ್ದಳು ರಾಜಶ್ರೀ.

ಮೂರು ವಾರ ಕಳೆಯುವುದರೊಳಗೆ ಉಸಿರು ಕಟ್ಟಿದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಹೋಟೆಲಿನವರು ಬೇರೆ ಗಿಡ ತರಿಸಿಕೊಂಡು ಸುಮ್ಮನಾಗುತ್ತಿದ್ದರು. ಸಾವಳಗಿಯ ಚನಮಲ್ಲಪ್ಪನ ಮಾತು ಬೇರೆ.

ಚನಮಲ್ಲಪ್ಪನ ಹೆಂಡತಿ ರತ್ನಾಬಾಯಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಕೊನೆಯ ತಿಂಗಳುಗಳಲ್ಲಿ ಬಲ್ಬಿನ ಬೆಳಕು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಅವಳ ಕೋಣೆಯಲ್ಲಿ ಇನ್ನು ಬಲ್ಬು ಹಚ್ಚುವುದು ಬೇಡ ಎಂದು ಅವನು ಹಟ ಹಿಡಿದ. ರಾಜಶ್ರೀ ಗೋಡೆಗೆ ಬಿಳಿ ಬಣ್ಣ ಬಳಿಸಿ, ಮಂಚದ ಪಕ್ಕ, ಕಿಟಕಿಯ ಬಿಸಿಲು ಬೀಳುವ ಗೂಡಿನಲ್ಲಿ ಬೆಳಗುವ ಗಿಡ ಇಡಿಸಿದಳು. ದಿನಾ ಸಂಜೆ ಅವನು ಅದರ ಮುಂದೆ ಕೂತು ಹೆಂಡತಿಯೊಂದಿಗೆ ಮಾತಾಡತೊಡಗಿದ.

ಅವನಿಗೆ ಗಿಡ ಸತ್ತದ್ದು ತಿಳಿಯಬಾರದಿತ್ತು. ಅವನು ಹೊಲಕ್ಕೆ ಹೋದ ಹೊತ್ತು ನೋಡಿ ಮಂಗಲಾ ಬರುತ್ತಿದ್ದಳು. ಗಿಡ ನೋಡಿಕೊಳ್ಳುವ ನೆಪದಲ್ಲಿ ಅದೇ ಕುಂಡಕ್ಕೆ ಬೇರೆ ಗಿಡ ನೆಟ್ಟು, ಹಳೆಯದನ್ನು ಚೀಲದಲ್ಲಿ ಅಡಗಿಸಿ ಒಯ್ಯುತ್ತಿದ್ದಳು.

ಮೂರನೆಯ ಸಲ ಬದಲಿಸಲು ಹೋದಾಗ ಅವನು ಮನೆಯಲ್ಲೇ ಇದ್ದ. ಬೀಳಗಿಗೆ ಕೊಟ್ಟಿದ್ದ ಮಗಳು ಕಾವೇರಿ ಬಂದಿದ್ದಳು. ಅವಳ ಕೈಯಲ್ಲಿ ಮಣ್ಣು ತುಂಬಿದ ಹಾಲಿನ ಪುಡಿಯ ಡಬ್ಬಿ ಇತ್ತು.

"ಛಲೋ ಆತು, ಬಂದಿ" ಎಂದ ಚನಮಲ್ಲಪ್ಪ. "ಒಂದು ಟೊಂಗಿ ಮುರದು ಇದರಾಗ ಹಚ್ಚಿಕೊಡವಾ. ಅವ್ವನ ಬೆಳಕು ಅಕಿ ಮನ್ಯಾಗೂ ಇರಲಿ."

ಮಂಗಲಾ ಟೊಂಗೆ ಹಿಡಿದಳು. ಮುರಿದುಕೊಟ್ಟು ಹೋಗಿಬಿಡಬಹುದಿತ್ತು. ಆದರೆ ಹೊಸ ಚಿಗುರು ಬೆಳಕಿಲ್ಲದೆ ಬರಿಯ ಹಸಿರಾಗಿಯೇ ಬರುತ್ತದೆ. ಈ ಹುಡುಗಿ ದಿನಾ ಸಂಜೆ ಬಾಗಿಲು ಮುಚ್ಚಿಕೊಂಡು ಬೆಳಕಿಗಾಗಿ ಕಾಯುತ್ತಾಳೆ. ಮಂಗಲಾ ಟೊಂಗೆಯನ್ನು ಬಿಟ್ಟಳು.

"ಹೊಸಾ ಎಲಿ ಬೆಳಗೂದಿಲ್ರಿ."

"ಯಾಕ?"

"ಇದು ಬಣ್ಣಾ ರೀ. ನಾನ ಹಚ್ಚೇನಿ."

ಕಾವೇರಿ ಸೆರಗು ಒದ್ದೆ ಮಾಡಿ ಒಂದು ಎಲೆಯನ್ನು ತಿಕ್ಕಿದಳು. ಹಾವಿನ ಪೊರೆಯಂತೆ ಪದರು ಎದ್ದು ಬಂತು. ಕೆಳಗೆ ಎಲೆ ಹಳದಿಯಾಗಿ, ಮೆತ್ತಗಾಗಿ ಕೊಳೆಯತೊಡಗಿತ್ತು.

ಚನಮಲ್ಲಪ್ಪ ಮಂಚದ ಅಂಚಿಗೆ ಕೂತ. "ನೀವು ಮೊದಲ ಇಟ್ಟಿದ್ದು ಇದ ಗಿಡ ಹೌದಲ್ಲ?"

"ಅಲ್ರಿ. ಇದು ಮೂರನೇದು. ನಾಕನೇದು ನನ್ನ ಚೀಲದಾಗ ಐತಿ."

"ಮೊದಲಿನೂ ಎಲ್ಲಿ ಅದಾವು?"

"ತಿಪ್ಪ್ಯಾಗ ಒಗದೇನ್ರಿ."

ಅವನು ಬಯ್ಯಲಿಲ್ಲ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು, "ಎದ್ದು ಹೋಗು" ಎಂದ.

ಕಾವೇರಿ ಗೇಟಿನವರೆಗೆ ಹಿಂದೆಯೇ ಬಂದಳು. "ನನ್ನ ಒಬ್ಬಾಕಿನ್ನ ಕರದು ಹೇಳಾಕ ಬರತಿದ್ದಿಲ್ಲೇನು ನಿನಗ? ಅವ್ವ ಹೋದ ಆರು ತಿಂಗಳಿಗೆ ಈಗೀಗ ಅಪ್ಪ ಹೊಟ್ಟಿ ತುಂಬ ಉಣ್ಣಾಕತ್ತಿದ್ದ."

ಮಂಗಲಾ ಗೇಟು ದಾಟಿ ನಡೆದಳು. ಚೀಲದಲ್ಲಿದ್ದ ಗಿಡವನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಬಂದಳು. ಸುದ್ದಿ ತಿಳಿದು ಮರುದಿನವೇ ರಾಜಶ್ರೀ ಅವಳನ್ನು ಕೆಲಸದಿಂದ ಬಿಡಿಸಿದಳು. ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಅವಳು ಸೇರಿದಳು.

ಮಳೆಗಾಲ ಮುಗಿದ ಮೇಲೆ, ರಜೆಯ ದಿನ ಒಮ್ಮೆ ಸಾವಳಗಿಗೆ ಹೋದಳು. ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಚನಮಲ್ಲಪ್ಪನ ಸೊಸೆ ಅವಳ ಗುರುತು ಹಿಡಿದಳು.

"ಮಾವ ಮನ್ಯಾಗ ಇಲ್ಲ. ತ್ವಾಟದ ಶೆಡ್ಡಿನ್ಯಾಗ ಇರತಾರ. ಮನಿಗಿ ಬರೂದ ಬಿಟ್ಟಾರ. ನೀನೂ ಬರಬ್ಯಾಡ."

ರತ್ನಾಬಾಯಿಯ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಮಂಚವಿರಲಿಲ್ಲ. ಗೂಡಿನ ಎತ್ತರದವರೆಗೆ ರಸಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಮಂಗಲಾ ಬಂದ ದಾರಿಯಲ್ಲೇ ಬಸ್ಸಿಗೆ ನಡೆದಳು.