ಎಂಟೂವರೆ ದಿನದ ಕೈ

ಎಡಿನ್‌ಬರೋದ ನಮ್ಮ ಪ್ರಯೋಗಾಲಯದಲ್ಲಿ ಭ್ರೂಣಗಳ ವಯಸ್ಸು ತೀರ್ಮಾನಿಸುತ್ತಿದ್ದವಳು ಇಲಿಮನೆಯ ಸೆಂಗಾ. ದಿನಾ ಬೆಳಿಗ್ಗೆ ಏಳಕ್ಕೆ ಒಂದೊಂದೇ ಹೆಣ್ಣಿಲಿಯ ಬಾಲ ಎತ್ತಿ ನೋಡುವಳು. ಗಂಡಿನೊಡನೆ ಕೂಡಿದ ಗುರುತಾಗಿ ಬಿಳಿ ಬಿರಡೆ ಕಂಡರೆ, ಆ ಮಧ್ಯಾಹ್ನಕ್ಕೆ ಭ್ರೂಣಕ್ಕೆ ಅರ್ಧ ದಿನವೆಂದು ಪಂಜರದ ಚೀಟಿಯಲ್ಲಿ ಬರೆಯುವಳು. ಮೂವತ್ತೊಂದು ವರ್ಷ ಮಾಡಿದ್ದು ಇದನ್ನೇ. ಅವಳ ಚೀಟಿ ನಂಬಿ ಎಷ್ಟೋ ಜನ ಡಾಕ್ಟರೇಟ್ ಪಡೆದರು. ಅವರ ಪ್ರಬಂಧಗಳ ಕೃತಜ್ಞತೆಯಲ್ಲಿ ಸೂಕ್ಷ್ಮದರ್ಶಕ ಮಾರಿದವನ ಹೆಸರೂ ಇರುತ್ತಿತ್ತು, ಇವಳದು ಮಾತ್ರ ಇರುತ್ತಿರಲಿಲ್ಲ.

ರೋಗದಿಂದ ಮೈಕಾಯುವ ಕೋಶಗಳು ಬೆಳೆದ ಮೈಯಲ್ಲಿ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ; ಮೂಳೆಯೇ ಮೂಡದ ಭ್ರೂಣಕ್ಕೆ ಅವು ಎಲ್ಲಿಂದ ಬರುತ್ತವೆ ಎಂಬುದು ನಮ್ಮ ಪ್ರೊಫೆಸರ್ ಕ್ರೈಟನ್ನರ ವಿಷಯ. ಭ್ರೂಣದ ಹೊರಗೆ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ ಹುಟ್ಟಿ ಒಳಗೆ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಇವರಿಗೋ ಅವು ಎಂಟೂವರೆ ದಿನಕ್ಕೇ ಭ್ರೂಣದೊಳಗೆ ಕಂಡವು, ಲೋಕ ಹೇಳುವುದಕ್ಕಿಂತ ಒಂದು ದಿನ ಮೊದಲೇ. ಸ್ವರ್ಗಕ್ಕೆ ಮೂರೇ ಗೇಣು. ಆ ಭ್ರೂಣದ ಚಿತ್ರ ತೆಗೆದವನು ನಾನು. ನಾನೂ ಹಿಗ್ಗಿದೆ.

ಒಂದೇ ತೊಡಕು. ಆ ವಾರ ಸೆಂಗಾ ತಂಗಿಯ ಮಗಳ ಮದುವೆಗೆ ಹೋಗಿದ್ದಳು. ಬಾಲ ಎತ್ತಿ ನೋಡಿದ್ದು ಸ್ವತಃ ಪ್ರೊಫೆಸರು. ಅವರ ಕಣ್ಣನ್ನು ಯಾವ ವಿಜ್ಞಾನ ಪತ್ರಿಕೆಯೂ ನಂಬದು. ಅವಳು ಮರಳಿದ ಮೇಲೆ ದಾಖಲೆ ಪುಸ್ತಕ, ಚಿತ್ರ ಎರಡನ್ನೂ ಹಿಡಿದು, ನನ್ನನ್ನೂ ಕರೆದುಕೊಂಡು ಇಲಿಮನೆಗೆ ಬಂದರು.

"ಸೆಂಗಾ, ಸೋಮವಾರದ ಸಾಲಿಗೆ ಒಂದು ಸಹಿ ಹಾಕಿಬಿಡು. ಈ ಸಲ ಕೃತಜ್ಞತೆಯಲ್ಲಿ ನಿನ್ನ ಹೆಸರೇ ಮೊದಲು."

ಅವಳು ಚಿತ್ರ ನೋಡಿದಳು. "ಇದಕ್ಕೆ ಆಗ್ಲೇ ಕೈ ಮೊಳೆತಿದ್ಯಲ್ರೀ ಪ್ರೊಫೆಸರ್ರೇ. ಎಂಟೂವರೆ ದಿನಕ್ಕೆ ಕೈ ಎಲ್ಲಿಂದ ಬರ್ಬೇಕು? ಬಿರಡೆ ಯಾವತ್ತು ನೋಡಿದ್ರಿ?"

"ಭಾನುವಾರ. ಆಮೇಲೆ ಗಾಲ್ಫ್ ಇತ್ತು. ಚೀಟಿ ಬರ್ದಿದ್ದು ಸೋಮವಾರ."

"ಬರ್ದ ದಿನದ ತಾರೀಖೇ ಹಾಕಿದೀರಿ. ಇದು ಒಂಬತ್ತೂವರೆ ದಿನದ್ದು."

"ಒಂದು ದಿನ ಯಾರು ನೋಡ್ತಾರೆ?"

"ನೋಡ್ದಾಗ ನನ್ನ ಸಹಿ ಸಿಗುತ್ತಲ್ಲ. ಸರಿಯಿದ್ದಾಗೆಲ್ಲ ನಿಮ್ಮ ಹೆಸರು, ತಪ್ಪಾದಾಗ ನಂದಾ? ಬೇಡ. ಇಷ್ಟು ವರ್ಷ ಬರ್ದ ಚೀಟಿಯನ್ನೆಲ್ಲ ಜನ ಅನುಮಾನದಿಂದ ನೋಡ್ತಾರೆ."

ಪುಸ್ತಕ ಮುಚ್ಚಿ ಅವರ ಕೈಗಿಟ್ಟಳು. ಚಿತ್ರ ತೆಗೆದ ನನಗೇ ಭ್ರೂಣದ ಆ ಕೈ ಕಾಣಿಸಿರಲಿಲ್ಲ. ನಾಚಿಕೆಯಾಯಿತು.

ವರ್ಷದ ಮೇಲೆ ಪ್ರಬಂಧ ಹೊರಬಂತು. ಕೋಶಗಳು ಎಲ್ಲರೂ ಹೇಳುವ ದಿನಕ್ಕೇ ಬಂದು ಸೇರಿದ್ದವು. ನಾನು ಒಂದು ಪ್ರತಿ ಒಯ್ದು ಸೆಂಗಾಳಿಗೆ ಕೊಟ್ಟೆ. ಅವಳು ಕೊನೆಯ ಪುಟದ ಕೃತಜ್ಞತೆ ತೆಗೆದು, ಬೆರಳಿಟ್ಟುಕೊಂಡು ಒಂದೊಂದೇ ಹೆಸರು ಓದಿದಳು.

"ನಾನಿಲ್ಲ," ಎಂದಳು. "ಹಂಗಾದ್ರೆ ಈ ಸಲ ತಾರೀಖು ಸರಿಯಾಗಿದೆ."