ನಂದಾದೀಪಕ್ಕೆ ಕಾವಲಿದ್ದವರು

ಒಂದು ಕಣ್ಣು ಮುಚ್ಚಿ, ಬಣ್ಣ ಹತ್ತಿದ ಹೆಬ್ಬೆರಳನ್ನು ಮುಂದೆ ಚಾಚಿ ಅವರು ಎದುರಿಗಿದ್ದುದನ್ನೆಲ್ಲ ಅಳೆಯುತ್ತಿದ್ದರು: ಮಲಪ್ರಭೆಯ ಆಚೆ ದಡದ ಗಿಡವನ್ನು, ತಾಟಿನ ರೊಟ್ಟಿಯನ್ನು, ಮಾತಾಡುತ್ತ ಕುಳಿತ ನನ್ನನ್ನು. ರಾಮದುರ್ಗದಲ್ಲಿ ನಮ್ಮ ನೆರೆಮನೆಯವರು, ನಿವೃತ್ತ ಚಿತ್ರಕಲಾ ಮಾಸ್ತರರು. "ನೀವು ದೇವರನ್ನ ನೋಡ್ರಿ ಗುರುಗಳ, ನಾ ನಿಮ್ಮನ್ನ ನೋಡತೇನಿ" ಎಂದು ಪುರೋಹಿತನಾದ ನನಗೆ ಹೇಳಿ ನಗುತ್ತಿದ್ದರು.

ನಮ್ಮ ದೇವರ ಮನೆಯ ನಂದಾದೀಪ ತಲೆಮಾರುಗಳಿಂದ ಆರಿರಲಿಲ್ಲ. ಪೂಜೆಗೆಂದು ದೇಗಾಂವದ ಕಡೆ ಹೋದಾಗಲೆಲ್ಲ, ಮನೆಯಲ್ಲಿ ಒಬ್ಬನೇ ಇರುವ ನನಗೆ ಅದರದೇ ಚಿಂತೆ. ಅದನ್ನರಿತ ಮಾಸ್ತರರು ಎದುರಿನ ಗೂಡಿನಲ್ಲಿ ಪುಟ್ಟ ಕ್ಯಾಮೆರಾ ಇಟ್ಟು, ತಮ್ಮ ಮೊಬೈಲಿಗೆ ಜೋಡಿಸಿಕೊಂಡರು. "ಎಣ್ಣಿ ಕಮ್ಮಿ ಆದ್ರ ಇದರಾಗ ಕಾಣತೈತ್ರಿ." ಕಂಡಾಗ ಸ್ನಾನ ಮಾಡಿ, ಒದ್ದೆ ಧೋತರದಲ್ಲಿಯೇ ಬಂದು, ನಾನು ಕೊಟ್ಟಿದ್ದ ಕೀಲಿಕೈಯಿಂದ ಬಾಗಿಲು ತೆರೆದು ಎಣ್ಣೆ ಹಾಕುತ್ತಿದ್ದರು.

ಆ ಕ್ಯಾಮೆರಾಕ್ಕೆ ಕಿವಿಯೂ ಇದ್ದುದು ನನಗೆ ಹೊಳೆಯಲಿಲ್ಲ. ಮಡಿಯಲ್ಲಿದ್ದಾಗ ನಾನು ಮನುಷ್ಯರೊಡನೆ ಮಾತಾಡುವವನಲ್ಲ, ದೇವರೊಡನೆ ಆಡುತ್ತೇನೆ. ಬಾಲ್ಯದಿಂದ ಕಂಠಸ್ಥವಾಗಿದ್ದ ಪುರುಷಸೂಕ್ತ ಆ ದಿನಗಳಲ್ಲಿ ನಡುವೆಯೇ ತಪ್ಪಿಹೋಗುತ್ತಿತ್ತು. ನೈವೇದ್ಯಕ್ಕೆ ಬಾಗಿಲ ಪರದೆ ಎಳೆದು, ಬೇಡಿಕೊಳ್ಳುತ್ತಿದ್ದೆ: "ತಂದೆ, ಮರೀಲಿಕ್ಕೆ ಹತ್ತೇನಿ. ಯಾರಿಗೂ ಗೊತ್ತಾಗಧಂಗ ಕಾಯಿ."

ಮನೆಯೊಳಗೆ ನಮ್ಮನ್ನು ನೋಡುವ ಯಂತ್ರಗಳ ಕುರಿತು ಮಾಸ್ತರರದೊಂದು ಕಲಾಪ್ರದರ್ಶನ ಶಾಲೆಯ ಸಭಾಭವನದಲ್ಲಿ ನಡೆಯಿತು. ನನ್ನನ್ನು ಅವರೇ ಕೈಹಿಡಿದು ಕರೆದೊಯ್ದರು. ಕತ್ತಲೆ ಕೋಣೆ, ಕೆಂಪು ಪರದೆ. ಸರಿಸಿದರೆ ಗೋಡೆಯ ಮೇಲೆ ವಿಡಿಯೊ: ನನ್ನ ಬೆನ್ನು, ನನ್ನ ದೀಪ, ತಡವರಿಸುವ ಸೂಕ್ತ, ಕೊನೆಗೆ ಆ ಮಾತು. ನನ್ನನ್ನು ಪೂಜೆಗೆ ಕರೆಯುವ ಯಜಮಾನರೆಲ್ಲ ಸುತ್ತ ನಿಂತಿದ್ದರು.

"ಇಂಥಾ ಕಣ್ಣು ಮನ್ಯಾಗಿಂದ ಏನ್ ಕದೀತೈತಿ ಅಂತ ಜನಕ್ಕ ತೋರಸಬೇಕಿತ್ರಿ" ಎಂದರು ಮಾಸ್ತರರು.

"ಕದ್ದವರು ನೀವು, ಮಾಸ್ತರ."

"ನಿಮ್ಮ ಮಾರಿ ಕಾಣೂದಿಲ್ಲಲ್ರಿ."

"ದನಿ ಯಾರದು?"

ಅವರು ಹೆಬ್ಬೆರಳನ್ನು ನೋಡಿಕೊಂಡರು. ಮರುದಿನ ಕ್ಯಾಮೆರಾ ಮರಳಿಸಿದೆ. ಅವರೊಡನೆ ಮತ್ತೆ ಮಾತಾಡಲಿಲ್ಲ.

ಆದರೂ ನಾನು ಪರವೂರಿನಿಂದ ಬಂದಾಗಲೆಲ್ಲ ಎಣ್ಣೆ ತುಂಬಿರುತ್ತಿತ್ತು, ನೆಲದಲ್ಲಿ ಒದ್ದೆ ಹೆಜ್ಜೆಗಳಿರುತ್ತಿದ್ದವು. ನಮ್ಮ ಮನೆಯ ಕೀಲಿಕೈ ಅವರಲ್ಲಿಯೇ ಉಳಿದಿತ್ತು. ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ಅನಂತರ ಮೊದಲ ಸಲ ದೇಗಾಂವದಿಂದ ಮರಳಿದಾಗ ದೀಪ ಆರಿತ್ತು. ಹೊತ್ತಿಸಿದೆ. ಕ್ಷಮೆ ಬೇಡಲು ದೇವರೆದುರು ಬಾಯಿ ತೆರೆದವನು, ಮೊದಲು ತಿರುಗಿ ಒಮ್ಮೆ ಕ್ಯಾಮೆರಾ ಇದ್ದ ಆ ಬರಿಯ ಗೂಡನ್ನು ನೋಡಿದೆ.